ಸಂಜೆ ಮನೆಗೆ ಬರುವವರ ಸಾಲು

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ. ಕ್ಯಾರಂ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನ, ಎಂಸಿಜಿ ಕ್ರಿಕೆಟ್ ಮೈದಾನ, ಗ್ರೇಟ್ ಓಷನ್ ರೋಡ್, ಆಮೇಲೆ ಫಿಲಿಪ್ ದ್ವೀಪದ ಪೆಂಗ್ವಿನ್. ಮೊದಲ ಮೂರರ ಫೋಟೊ ಅವತ್ತೇ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ನಾಲ್ಕನೆಯದರದ್ದು ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಫೋಟೊ ತೆಗೆಯುವ ಹಾಗೇ ಇಲ್ಲ. ಹೋಗಿಬಂದವರು ಬಾಯಲ್ಲೇ ಹೇಳಬೇಕು. ನಾನೂ ಈ ವಾರ ಅದನ್ನೇ ಮಾಡುತ್ತಿದ್ದೇನೆ.

ಫಿಲಿಪ್ ದ್ವೀಪ ಮೆಲ್ಬರ್ನ್‌ನಿಂದ ಸುಮಾರು 140 ಕಿಲೋಮೀಟರ್. ಇಲ್ಲಿನ ಮೂಲನಿವಾಸಿಗಳಾದ ಬೂನುರಾಂಗ್ ಜನ ಇದನ್ನು ಮಿಲ್ಲೋಲ್ ಅನ್ನುತ್ತಾರೆ. ಸಾನ್ ರೆಮೊ ಅನ್ನುವ ಪುಟ್ಟ ಮೀನುಗಾರರ ಊರು ದಾಟಿ ಸೇತುವೆ ಹತ್ತಿದರೆ ಆ ಕಡೆ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ ಸಮ್ಮರ್‌ಲ್ಯಾಂಡ್ ಅನ್ನುವ ಕಡಲ ತೀರ. ಎದುರಿಗೆ ಬಾಸ್ ಜಲಸಂಧಿ. ಆ ದಿಕ್ಕಿನಿಂದ ಬರುವ ಗಾಳಿಗೆ ಬೇಸಿಗೆ, ಚಳಿಗಾಲ ಅನ್ನುವ ಭೇದ ಇಲ್ಲ. ನಾವು ಹೋಗಿದ್ದು ನವೆಂಬರ್‌ನಲ್ಲಿ. ಅಮ್ಮ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಅಪ್ಪನ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಗಂಟೆ ಎಂಟು ದಾಟಿದರೂ ಬೆಳಕಿತ್ತು.

ಸಮುದ್ರಕ್ಕೆ ಮುಖ ಮಾಡಿ ಗ್ಯಾಲರಿ ತರಹ ಮೆಟ್ಟಿಲುಗಳಿವೆ. ನೂರಾರು ಜನ, ನಾನಾ ದೇಶದವರು. ಮೈಕಿನಲ್ಲಿ ಬೇರೆ ಬೇರೆ ಭಾಷೆಯಲ್ಲಿ ಒಂದೇ ಸೂಚನೆ: ಕೂತೇ ಇರಿ, ಸದ್ದು ಬೇಡ, ಫೋನ್ ಒಳಗಿಡಿ. ಕತ್ತಲಿಗೆ ಹೊಂದಿಕೊಂಡ ಆ ಹಕ್ಕಿಯ ಕಣ್ಣಿಗೆ ಒಂದು ಫ್ಲ್ಯಾಶ್ ಬಿದ್ದರೂ ಅದು ಬೆದರುತ್ತದೆ. ಬೆದರಿದರೆ ವಾಪಸ್ ನೀರಿಗೆ ಹೋಗುತ್ತದೆ. ಅದು ನೀರಿಗೆ ಹೋದರೆ ಗೂಡಿನಲ್ಲಿರುವ ಮರಿಗೆ ಊಟ ತಡ. ನಿಯಮದ ಹಿಂದಿನ ಲೆಕ್ಕ ಇಷ್ಟೇ. ಮೊದಲ ಹತ್ತು ನಿಮಿಷ ಎಲ್ಲರ ಕೈಯೂ ಆಗಾಗ ಜೇಬಿನ ಕಡೆ ಹೋಗುತ್ತಿತ್ತು. ಆಮೇಲೆ ಸುಮ್ಮನಾಯಿತು.

ಕತ್ತಲು ಕವಿಯುತ್ತಿದ್ದ ಹಾಗೆ ಒಂದು ಅಲೆ ಬಂದು ಹಿಂದಕ್ಕೆ ಸರಿಯಿತು. ಮರಳಿನ ಮೇಲೆ ಐದಾರು ಕಪ್ಪು ಗುರುತು ಉಳಿದವು. "ಕಲ್ಲೇನೇ ಅದು?" ಅಂದರು ಅಮ್ಮ. ಅಷ್ಟರಲ್ಲಿ ಕಲ್ಲುಗಳು ಎದ್ದು ನಿಂತವು.

ಲಿಟಲ್ ಪೆಂಗ್ವಿನ್ ಅಂತ ಇದರ ಹೆಸರು. ಜಗತ್ತಿನ ಪೆಂಗ್ವಿನ್‌ಗಳಲ್ಲೇ ಅತಿ ಚಿಕ್ಕದು. ಎತ್ತರ ಸುಮಾರು 33 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿಗಿಂತ ತುಸು ಉದ್ದ. ತೂಕ ಒಂದು ಕಿಲೋ ಆಸುಪಾಸು. ಬೆನ್ನು ಕಡುನೀಲಿ, ಹೊಟ್ಟೆ ಬಿಳಿ. ಮೇಲಿನಿಂದ ನೋಡುವ ಹದ್ದಿಗೆ ಬೆನ್ನು ಸಮುದ್ರದ ಬಣ್ಣದಲ್ಲಿ ಕರಗುತ್ತದೆ, ಕೆಳಗಿನಿಂದ ನೋಡುವ ಸೀಲ್‌ಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗುತ್ತದೆ. ಟಿವಿಯಲ್ಲಿ ಹಿಮದ ಮೇಲೆ ನಿಂತ ದೊಡ್ಡ ಪೆಂಗ್ವಿನ್ ನೋಡಿದ್ದ ಅಪ್ಪನಿಗೆ ಸ್ವಲ್ಪ ನಿರಾಸೆ. "ಇಷ್ಟೇನಾ? ಇವು ಕೋಳಿಮರಿ ಥರ ಇದಾವಲ್ಲ" ಅಂದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಲ್ಲರಿಗಿಂತ ಮುಂದಕ್ಕೆ ಬಾಗಿ ಕೂತವರು ಅವರೇ.

ಯಾಕೆಂದರೆ ಆ ಆರು ಪೆಂಗ್ವಿನ್ ಮುಂದೆ ಬರಲಿಲ್ಲ. ನೀರಿನಂಚಿನಲ್ಲೇ ನಿಂತು ಆಚೀಚೆ ನೋಡಿದವು. ಒಂದು ಎರಡು ಹೆಜ್ಜೆ ಹಾಕಿತು, ಉಳಿದವು ಬರದ್ದು ನೋಡಿ ಹಿಂದೆ ಬಂತು. ಎಲ್ಲಿಂದಲೋ ಒಂದು ಕಡಲಕಾಗೆ ಹಾರಿದ್ದೇ ತಡ, ಅಷ್ಟೂ ದಬಕ್ಕನೆ ನೀರಿಗೆ. "ಅಯ್ಯೋ, ಹೋದವಲ್ಲೇ!" ಅಂತ ಅಮ್ಮ. ಮತ್ತೊಂದು ಅಲೆಯಲ್ಲಿ ಹತ್ತು ಬಂದವು, ಅದರ ಹಿಂದೆ ಇನ್ನೂ ನಾಲ್ಕು. ಈಗ ಧೈರ್ಯ ಬಂತು. ಗುಂಪು ಒಟ್ಟಿಗೆ, ಮುಂದಕ್ಕೆ ಬಾಗಿ, ಎರಡೂ ರೆಕ್ಕೆ ಚಾಚಿ, ತಟತಟ ಓಡಿ ಮರಳು ದಾಟಿತು. ನಾವು ರಿಂಗ್ ರೋಡಿನಲ್ಲಿ ಹತ್ತು ಜನ ಸೇರುವ ತನಕ ಕಾದು ಆಮೇಲೆ ಒಮ್ಮೆಲೇ ನುಗ್ಗುವುದಿಲ್ಲವಾ, ಥೇಟ್ ಹಾಗೇ. ದಿನವಿಡೀ ಈಜಿ ಬಂದವಕ್ಕೆ ಆ ಬಯಲು ಮರಳೇ ದಾರಿಯ ಅತಿ ಅಪಾಯದ ಭಾಗ. ನೀರಿನಲ್ಲಿ ಅವು ಚುರುಕು, ನೆಲದ ಮೇಲೆ ಯಾರಿಗೂ ಸಿಕ್ಕಿಬೀಳುತ್ತವೆ. ಕತ್ತಲಾಗುವುದನ್ನು ಕಾಯುವುದೂ, ಗುಂಪಾಗುವುದನ್ನು ಕಾಯುವುದೂ ಅದಕ್ಕೇ.

"ದಿನಾ ಇಷ್ಟೊತ್ತಿಗೇ ಬರೋಕೆ ಇವಕ್ಕೆ ಟ್ರೈನಿಂಗ್ ಕೊಟ್ಟಿದಾರೇನೇ?" ಅಮ್ಮನ ಪ್ರಶ್ನೆ. ಕೊಟ್ಟಿಲ್ಲ. ಯಾರೂ ಕರೆಯುವುದಿಲ್ಲ, ಯಾರೂ ಮೀನು ಹಾಕುವುದಿಲ್ಲ. ಅವುಗಳ ಮನೆ ಅಲ್ಲಿದೆ, ಬರುತ್ತವೆ ಅಷ್ಟೇ. ದ್ವೀಪದಲ್ಲಿ ಸುಮಾರು 40,000 ಲಿಟಲ್ ಪೆಂಗ್ವಿನ್‌ಗಳಿವೆ. ಪ್ರತಿ ರಾತ್ರಿ ಎಷ್ಟು ದಾಟಿದವು ಅಂತ ರೇಂಜರ್‌ಗಳು ಎಣಿಸುತ್ತಾರೆ. 2022ರ ಮೇ ತಿಂಗಳ ಒಂದು ಸಂಜೆ 5,219 ಬಂದಿದ್ದವು, ಅದು ಆವರೆಗಿನ ದಾಖಲೆ. ಕೆಲವು ಹಕ್ಕಿಗಳ ಚರ್ಮದಡಿ ಮೈಕ್ರೋಚಿಪ್ ಇದೆ. ಅವು ಹೋಗುವ ದಾರಿಯಲ್ಲಿ ತೂಕದ ಹಲಗೆಯೂ ಇದೆ. ನಾವು ಆಫೀಸಿನ ಗೇಟಿನಲ್ಲಿ ಬ್ಯಾಡ್ಜ್ ತೋರಿಸಿದಂತೆ ಅವು ಅದರ ಮೇಲೆ ಹಾದುಹೋದರೆ ಯಾರು ಬಂದರು, ಇವತ್ತು ಎಷ್ಟು ಮೀನು ದಕ್ಕಿತು ಅನ್ನುವುದು ದಾಖಲಾಗುತ್ತದೆ.

ಅವುಗಳ ಸಂಸಾರದ ಕಥೆ ಕೇಳಿದರೆ ನಮ್ಮಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಗಂಡ-ಹೆಂಡತಿಯರಿಗೆ ನಗು ಬಂದೀತು. ಸಾಮಾನ್ಯವಾಗಿ ಎರಡು ಮೊಟ್ಟೆ, ಕಾವು ಸುಮಾರು 35 ದಿನ. ಗಂಡು ಹೆಣ್ಣು ಶಿಫ್ಟ್ ಹಾಕಿಕೊಳ್ಳುತ್ತವೆ. ಒಂದು ಸಮುದ್ರಕ್ಕೆ, ಇನ್ನೊಂದು ಗೂಡಿಗೆ. ಮರಿ ಸ್ವಲ್ಪ ದೊಡ್ಡದಾದ ಮೇಲೆ ಒಬ್ಬರ ದುಡಿಮೆ ಸಾಲುವುದಿಲ್ಲ, ಇಬ್ಬರೂ ಹೊರಡುತ್ತವೆ. ಆಮೇಲೆ ವರ್ಷಕ್ಕೊಮ್ಮೆ ಗರಿಯೆಲ್ಲ ಉದುರಿ ಹೊಸದು ಬರುವ ಸುಮಾರು 17 ದಿನ ನೀರಿಗಿಳಿಯುವ ಹಾಗಿಲ್ಲ, ಅಂದರೆ ಊಟವೂ ಇಲ್ಲ. ಅದಕ್ಕೆ ಮೊದಲೇ ತಿಂದು ದಪ್ಪಗಾಗಿರುತ್ತವೆ. ಹಾಗಂತ ಆದರ್ಶ ದಂಪತಿ ಅಂದುಕೊಳ್ಳಬೇಡಿ. ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ 13 ಸಂತಾನಋತುಗಳ ದಾಖಲೆ ನೋಡಿದಾಗ, ಸುಮಾರು ಸಾವಿರ ಜೋಡಿಗಳಲ್ಲಿ 250ರ ಆಸುಪಾಸು ಬೇರೆಯಾಗಿದ್ದವು. ಮರಿ ಕೈಗೂಡದ ವರ್ಷದ ನಂತರ ಜೋಡಿ ಬದಲಿಸುವ ಸಾಧ್ಯತೆ ಹೆಚ್ಚು. ಇದನ್ನು ಅಪ್ಪ-ಅಮ್ಮನಿಗೆ ಅಲ್ಲಿ ಹೇಳಲಿಲ್ಲ, ಕಾರಿನಲ್ಲಿ ಹೇಳಿದೆ.

ಇಷ್ಟೆಲ್ಲ ನೋಡಿ ಎದ್ದು ಬಂದಿದ್ದರೆ "ಕ್ಯೂಟ್" ಅನ್ನುವ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೆಲದ ಕಥೆ.

ಇಲ್ಲಿ ಪೆಂಗ್ವಿನ್ ನೋಡಲು ಜನ ಬರಲು ಶುರುವಾಗಿದ್ದು 1920ರ ದಶಕದಲ್ಲಿ. ಊರಿನವರು ಟಾರ್ಚ್ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಸಮ್ಮರ್‌ಲ್ಯಾಂಡ್‌ನಲ್ಲಿ ಸೈಟುಗಳೂ ಆದವು. ಸೈಟ್ ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರ ಕಾಣುವ ಜಾಗ, ರಜಕ್ಕೆ ಬಂದು ಇರಲು ಒಂದು ಮನೆ, ಯಾರಿಗೆ ಬೇಡ? 1940ರಲ್ಲಿ ದ್ವೀಪಕ್ಕೆ ಸೇತುವೆಯೂ ಬಂತು. ಮನೆಗಳು ಎದ್ದವು, ರಸ್ತೆ ಬಂತು, ಅಂಗಡಿ, ಮೋಟೆಲ್ ಬಂದವು. ಅದರ ಜೊತೆಗೆ ಕಾರು, ನಾಯಿ, ಬೆಕ್ಕು. ನರಿ ಮೊದಲೇ ಇತ್ತು. ಯುರೋಪಿನವರು ಬೇಟೆಯ ಶೋಕಿಗೆ ಆಸ್ಟ್ರೇಲಿಯಾಕ್ಕೆ ತಂದ ಪ್ರಾಣಿ ಅದು. ಒಂದು ಕಾಲಕ್ಕೆ ದ್ವೀಪದಲ್ಲಿ ಹತ್ತು ಪೆಂಗ್ವಿನ್ ನೆಲೆಗಳಿದ್ದವಂತೆ. ಉಳಿದದ್ದು ಈ ಒಂದೇ.

1985ರಲ್ಲಿ ವಿಕ್ಟೋರಿಯಾ ರಾಜ್ಯ ಸರ್ಕಾರ ಒಂದು ನಿರ್ಧಾರ ಮಾಡಿತು. ಸಮ್ಮರ್‌ಲ್ಯಾಂಡ್‌ನ ಅಷ್ಟೂ ಸೈಟು, ಅಷ್ಟೂ ಮನೆಗಳನ್ನು ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳುವುದು. ಕೊಂಡು ಬೇರೆ ಏನೂ ಕಟ್ಟುವುದಲ್ಲ, ಇರುವುದನ್ನು ಕೆಡವುವುದು. ಇದು ಒಂದು ವರ್ಷ, ಎರಡು ವರ್ಷದ ಮಾತಲ್ಲ, ಮುಗಿದದ್ದು 2010ಕ್ಕೆ. ಇಪ್ಪತ್ತೈದು ವರ್ಷದಲ್ಲಿ ಮನೆಗಳು ಒಂದೊಂದಾಗಿ ಹೋದವು, ಸ್ಥಳೀಯ ಗಿಡ-ಹುಲ್ಲು ನೆಟ್ಟರು, ಪೆಂಗ್ವಿನ್‌ಗಳಿಗೆ ಮರದ ಗೂಡುಪೆಟ್ಟಿಗೆ ಇಟ್ಟರು. ದ್ವೀಪದಲ್ಲಿ ನರಿ ಇಲ್ಲ ಎಂದು 2017ರಲ್ಲಿ ಘೋಷಣೆಯಾಯಿತು. 2019ರಲ್ಲಿ ಹೊಸ ಸಂದರ್ಶಕರ ಕೇಂದ್ರ ಕಟ್ಟಿದಾಗ ಹಳೆಯ ಕೇಂದ್ರದ ಜಾಗವನ್ನೂ ಹಕ್ಕಿಗಳಿಗೇ ಬಿಟ್ಟುಕೊಟ್ಟರು.

ಆ ಸಂಜೆ ಮರಹಲಗೆಯ ದಾರಿಯಲ್ಲಿ ವಾಪಸ್ ನಡೆಯುವಾಗ ನನಗೆ ಮತ್ತೆ ಮತ್ತೆ ಬರುತ್ತಿದ್ದ ಯೋಚನೆ ಅದೇ. ಎಡಕ್ಕೂ ಬಲಕ್ಕೂ ಹುಲ್ಲಿನೊಳಗಿಂದ ಗದ್ದಲವೋ ಗದ್ದಲ. ಇಷ್ಟು ಚಿಕ್ಕ ಹಕ್ಕಿಯ ಗಂಟಲಿಂದ ಕತ್ತೆ ಕೂಗಿದಂಥ ದನಿ. ಬಿಲದ ಬಾಯಲ್ಲಿ ಎರಡು ಮರಿ ಬೂದುಬಣ್ಣದ ತುಪ್ಪಳ ಹೊತ್ತು ನಿಂತಿದ್ದವು. ತಾಯಿಯೋ ತಂದೆಯೋ ಬಂದದ್ದೇ ಮೇಲೆ ಬಿದ್ದು ಕೊಕ್ಕಿಗೆ ಕೊಕ್ಕು ತೂರಿಸಿ ಊಟಕ್ಕೆ ಗಲಾಟೆ. ಈ ಜಾಗದಲ್ಲಿ ಒಂದು ಕಾಲಕ್ಕೆ ಯಾರದೋ ವರಾಂಡ ಇದ್ದಿರಬಹುದು, ಯಾರೋ ಮಕ್ಕಳು ಬೇಸಿಗೆ ರಜೆ ಕಳೆದಿರಬಹುದು. ಅವರೆಲ್ಲ ಖುಷಿಯಿಂದ ಬಿಟ್ಟುಹೋದರು ಅಂತ ಹೇಳಲಾಗದು. ದುಡ್ಡು ಸಿಕ್ಕರೂ ಮನೆ ಬಿಡುವುದು ಮನೆ ಬಿಡುವುದೇ. ನಮ್ಮಲ್ಲಿ ಒಂದು ಮೂವತ್ತು-ನಲವತ್ತು ಸೈಟಿನ ಮೇಲೆ ಇಡೀ ಮನೆತನದ ಕನಸು ನಿಂತಿರುತ್ತದೆ, ಆ ಸಂಕಟ ನಮಗೆ ಅರ್ಥವಾಗುತ್ತದೆ. ಪ್ರಾಣಿ ಉಳಿಸಿ ಅನ್ನುವುದು ಸುಲಭ, ಸ್ಟೇಟಸ್ ಹಾಕುವುದು ಇನ್ನೂ ಸುಲಭ. ಉಳಿಸುವುದಕ್ಕೆ ಯಾರೋ ಒಬ್ಬರು ಜಾಗ ಖಾಲಿ ಮಾಡಬೇಕಾಗುತ್ತದೆ. ಇಲ್ಲಿ ಆ ಬೆಲೆಯನ್ನು ಲೆಕ್ಕ ಹಾಕಿದರು, ಕೊಟ್ಟರು, ಕಾಲು ಶತಮಾನ ಹಟ ಹಿಡಿದು ಮುಗಿಸಿದರು. ನಾವು ಚಪ್ಪಾಳೆ ತಟ್ಟಬೇಕಾದ್ದು ಓಡಿಬಂದ ಪೆಂಗ್ವಿನ್‌ಗೆ ಮಾತ್ರವಲ್ಲ. ಚಪ್ಪಾಳೆ ಅಲ್ಲಿ ನಿಷೇಧ, ಅದು ಬೇರೆ ಮಾತು.

ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ವೆಟರಿನ ಕಥೆ. ಸಮುದ್ರದಲ್ಲಿ ಎಣ್ಣೆ ಚೆಲ್ಲಿದರೆ ಹೆಬ್ಬೆರಳಿನ ಉಗುರಿನಷ್ಟು ಕಲೆ ಸಾಕು, ಈ ಹಕ್ಕಿಯ ಪ್ರಾಣ ಹೋಗಲು. ಗರಿ ಒದ್ದೆಯಾಗಿ ಚಳಿ ಹಿಡಿಯುತ್ತದೆ. ಕೊಕ್ಕಿನಿಂದ ಗರಿ ಒಪ್ಪ ಮಾಡಿಕೊಳ್ಳಲು ಹೋಗಿ ವಿಷ ಹೊಟ್ಟೆಗೆ ಸೇರುತ್ತದೆ. ತೊಳೆಯುವ ತನಕ ಅದನ್ನು ತಡೆಯಲು ಪುಟ್ಟ ಉಣ್ಣೆಯ ಸ್ವೆಟರ್ ತೊಡಿಸುತ್ತಾರೆ. 2001ರಲ್ಲಿ ಎಣ್ಣೆ ಚೆಲ್ಲಿ 438 ಪೆಂಗ್ವಿನ್‌ಗಳಿಗೆ ತಗುಲಿತ್ತು. ಆರೈಕೆಯಿಂದ ನೂರಕ್ಕೆ 96 ಬದುಕಿ ಕಡಲಿಗೆ ಮರಳಿದವು. ಎಲ್ಲೆಲ್ಲಿಯದೋ ಅಜ್ಜಿಯರು, ಅಜ್ಜಂದಿರು ಹೆಣೆದು ಕಳಿಸಿದ ಸ್ವೆಟರುಗಳು ರಾಶಿ ರಾಶಿ ಬಂದಿದ್ದವು. ವರ್ಷಾನುಗಟ್ಟಲೆ ನಮಗೆ ಸ್ವೆಟರ್ ಹಾಕಿದ ಅಮ್ಮ, "ಕತ್ತು ಎಷ್ಟು ಹೊಲಿಗೆ ಇಡ್ತಾರೋ" ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು.

ಹೋಗುವವರಿಗೆ ನಾಲ್ಕು ಮಾತು. ಟಿಕೆಟ್ ಮೊದಲೇ ಬುಕ್ ಮಾಡಿ. ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ, ನಿಮ್ಮ ದುಡ್ಡು ಸಂರಕ್ಷಣೆಗೂ ಸಂಶೋಧನೆಗೂ ಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಪೆಂಗ್ವಿನ್ ಬರುವುದೇ ರಾತ್ರಿ ಒಂಬತ್ತರ ಸುಮಾರಿಗೆ, ಮನೆ ಸೇರುವಾಗ ಮಧ್ಯರಾತ್ರಿ. ಚಿಕ್ಕ ಮಕ್ಕಳಿದ್ದರೆ ಜೂನ್-ಜುಲೈ ವಾಸಿ, ಐದೂವರೆ-ಆರಕ್ಕೇ ಬರುತ್ತವೆ, ಆದರೆ ಚಳಿ ಕೊರೆಯುತ್ತದೆ. ಒಂದು ಗಂಟೆ ಮುಂಚೆ ತಲುಪಿದರೆ ಒಳ್ಳೆಯ ಜಾಗ ಸಿಗುತ್ತದೆ. ಮಳೆ ಬಂದರೂ ಪೆಂಗ್ವಿನ್ ರಜ ಹಾಕುವುದಿಲ್ಲ, ಜಾಕೆಟ್ ಮರೆಯಬೇಡಿ. ಮುಂದಿನ ಸಾಲೇ ಬೇಕು ಅಂತ ನೂಕಾಡಬೇಡಿ. ಮರಳಿನ ಮೇಲೆ ಅವು ದೂರ, ವಾಪಸ್ ಬರುವ ಹಲಗೆದಾರಿಯಲ್ಲಿ ಕೈಯಳತೆಯಲ್ಲಿ ಸಿಗುತ್ತವೆ. ಕೈ ಚಾಚಬೇಡಿ ಅಷ್ಟೇ.

ಕೊನೆಯದು ಪಾರ್ಕಿಂಗ್ ಜಾಗದಲ್ಲಿ. ಕಾರು ಸ್ಟಾರ್ಟ್ ಮಾಡುವ ಮೊದಲು ಕೆಳಗೆ ಬಗ್ಗಿ ನೋಡಿ ಅಂತ ಬೋರ್ಡ್ ಇದೆ, ಪೆಂಗ್ವಿನ್ ಬಂದು ಕೂತಿರಬಹುದು. ಮಂಡಿನೋವಿನ ಅಪ್ಪ ಒಂದು ಕೈ ಬಾನೆಟ್ಟಿನ ಮೇಲಿಟ್ಟು, ನೆಲಕ್ಕೆ ಬಗ್ಗಿ, ನಾಲ್ಕೂ ಚಕ್ರದ ಹತ್ತಿರ ನೋಡಿದರು. ಎದ್ದು ನಿಂತು ಕೈ ಒರೆಸಿಕೊಂಡು, "ಯಾರೂ ಇಲ್ಲ, ತೆಗಿ" ಅಂದರು. ಅಕ್ಕಪಕ್ಕದ ಕಾರಿನವರೂ ಹಾಗೇ ಬಗ್ಗಿದ್ದರು.