ಸೀಸೆಯೂ ಔಷಧದ ಭಾಗವೇ

ಗಾಜಿನ ಪಾತ್ರೆಯ ಬಗೆಗೆ ಜನರಲ್ಲಿರುವ ವಿಶ್ವಾಸ ಅಪಾರವಾದುದು. ಹಿತ್ತಾಳೆಗೆ ಕಲಾಯಿ ಬೇಕು, ಕಬ್ಬಿಣಕ್ಕೆ ತುಕ್ಕಿನ ಭಯ, ಪ್ಲಾಸ್ಟಿಕ್ಕಿಗೆ ವಾಸನೆಯ ದೋಷ; ಗಾಜಿಗೆ ಮಾತ್ರ ಯಾವ ಕಳಂಕವೂ ಅಂಟದು ಎಂಬ ಭಾವನೆ ಮನೆಮನೆಯಲ್ಲಿಯೂ ಇದೆ. ಉಪ್ಪಿನಕಾಯಿಯ ಮಟ್ಟಿಗೆ ಈ ವಿಶ್ವಾಸ ಸರಿಯಾದುದೇ. ಹುಳಿಯ ಮುಂದೆ ಗಾಜು ಸುಲಭವಾಗಿ ಸೋಲುವುದಿಲ್ಲ. ಆದರೆ ಕ್ಷಾರದ ಮುಂದೆ ಅದರ ಸ್ಥಿತಿ ಬೇರೆ. ಈ ವ್ಯತ್ಯಾಸ ಕೇವಲ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಮೀಸಲಾದ ವಿಷಯವಲ್ಲ. ಮನೆಯಲ್ಲಿ ರೋಗಿಯಿರುವ ಪ್ರತಿಯೊಂದು ಕುಟುಂಬವೂ, ಔಷಧದಾನದ ಸತ್ಕಾರ್ಯದಲ್ಲಿ ತೊಡಗಿರುವ ಪ್ರತಿಯೊಂದು ಸಂಘವೂ ಅದನ್ನು ಅರಿತಿರಬೇಕು.

ಗಾಜಿನ ಮುಖ್ಯ ದ್ರವ್ಯ ಮರಳಿನಲ್ಲಿರುವ ಸಿಲಿಕಾ. ಅದೊಂದನ್ನೇ ಕರಗಿಸಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಉಷ್ಣ ಬೇಕಾಗುವುದರಿಂದ, ಆ ಉಷ್ಣವನ್ನು ತಗ್ಗಿಸಲು ಸೋಡಾ ಬೆರೆಸುತ್ತಾರೆ. ಸೋಡಾದಿಂದ ಬರುವ ದೌರ್ಬಲ್ಯವನ್ನು ತಡೆಯಲು ಸುಣ್ಣವನ್ನು ಸೇರಿಸುತ್ತಾರೆ. ಸಿಲಿಕಾ ಬಲೆಯಂತೆ ಹೆಣೆದುಕೊಂಡಿದ್ದರೆ, ಸೋಡಿಯಂ ಆ ಬಲೆಯ ಕಣ್ಣುಗಳಲ್ಲಿ ಸಡಿಲವಾಗಿ ಕುಳಿತಿರುತ್ತದೆ. ನೀರು ತಗುಲಿದಾಗ ಸೋಡಿಯಂ ಮೆಲ್ಲನೆ ಹೊರಬಂದು, ನೀರಿನ ಜಲಜನಕ ಅದರ ಸ್ಥಾನವನ್ನು ಆಕ್ರಮಿಸುತ್ತದೆ. ನೀರು ಕ್ಷಾರಗುಣವನ್ನು ಪಡೆಯುತ್ತದೆ. ಅನಂತರ ಆ ಕ್ಷಾರವೇ ಬಲೆಯ ಗಂಟುಗಳನ್ನು ಬಿಚ್ಚತೊಡಗುತ್ತದೆ. ಆಮ್ಲವು ಬಲೆಯೊಳಗಿನ ಸೋಡಿಯಮ್ಮನ್ನಷ್ಟೇ ಸೆಳೆದುಕೊಂಡರೆ, ಕ್ಷಾರವು ಬಲೆಯನ್ನೇ ಹರಿಯುತ್ತದೆ. ಪಿ.ಎಚ್. ಅಳತೆಯಲ್ಲಿ 7 ಎಂದರೆ ತಟಸ್ಥ. 9ನ್ನು ದಾಟಿದ ಮೇಲೆ ಈ ಕರಗುವಿಕೆ ವೇಗ ಪಡೆಯುತ್ತದೆ. ಉಷ್ಣ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ.

ಇದು ಹೊಸ ಸಂಗತಿಯಲ್ಲ. ಫ್ರಾನ್ಸಿನ ಲವಾಸಿಯೆ 1768-69ರಲ್ಲಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ 101 ದಿನಗಳ ಕಾಲ ನೀರನ್ನು ಕಾಯಿಸಿದನು. ನೀರಿನಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿತು. ನೀರೇ ಮಣ್ಣಾಗಿ ಮಾರ್ಪಡುತ್ತದೆಂದು ಅಂದಿನ ಪಂಡಿತರು ನಂಬಿದ್ದರು. ಲವಾಸಿಯೆ ಪಾತ್ರೆಯನ್ನು ತೂಗಿ ನೋಡಿದನು. ತೂಕ ಇಳಿದದ್ದು ಪಾತ್ರೆಯದೇ. ಪುಡಿ ಬಂದದ್ದು ಗಾಜಿನಿಂದ! ಮುಂಬಯಿಯ ಮಳೆಗಾಲವೂ ಇದೇ ಪಾಠವನ್ನು ಹೇಳುತ್ತದೆ. ತೇವದಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಕಿಟಕಿಗಾಜುಗಳ ಮೇಲೆ, ಒರೆಸಿದರೂ ಹೋಗದ ಬಿಳಿಯ ಮಂಕು ಕವಿಯುವುದು ಈ ಕಾರಣದಿಂದಲೇ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಾಸ್ಟಿಕ್ ಸೋಡಾದ ಸೀಸೆಗೆ ಗಾಜಿನ ಬಿರಡೆ ಹಾಕಬಾರದೆಂದು ಹೇಳುವುದೂ, ಅದು ಕಚ್ಚಿಕೊಂಡು ಬಿಡಿಸಲಾಗದಂತಾಗುವುದೆಂದೇ.

ಕಿಟಕಿ ಮಂಕಾದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಚುಚ್ಚುಮದ್ದಿನ ಸೀಸೆಯ ವಿಷಯ ಹಾಗಲ್ಲ. ಅದರೊಳಗಿನದು ನೇರವಾಗಿ ರಕ್ತಕ್ಕೆ ಸೇರತಕ್ಕುದು. ಜರ್ಮನಿಯ ಯೇನಾ ನಗರದಲ್ಲಿ ಆಟ್ಟೊ ಷಾಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಬೋರೊಸಿಲಿಕೇಟ್ ಗಾಜಿನಲ್ಲಿ ಸೋಡಾ ಕಡಿಮೆ, ಬಾಳಿಕೆ ಹೆಚ್ಚು. ಆ ಜಾತಿಯ ಗಾಜೇ ಇಂದು ಚುಚ್ಚುಮದ್ದುಗಳಿಗೆ ಶ್ರೇಷ್ಠವೆನಿಸಿದೆ. ಆದರೂ ಅದು ಪೂರ್ಣ ನಿರ್ಲಿಪ್ತವಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿ ತಯಾರಕರಿಗೆ ಒಂದು ಎಚ್ಚರಿಕೆ ನೀಡಿತು. ಕೆಲವು ಚುಚ್ಚುಮದ್ದಿನ ಸೀಸೆಗಳ ಒಳಮೈಯಿಂದ ಗಾಜಿನ ತೆಳುವಾದ ಪೊರೆಗಳು ಎದ್ದು ಔಷಧದಲ್ಲಿ ತೇಲುತ್ತಿದ್ದವು. ಕ್ಷಾರೀಯ ದ್ರಾವಣ, ಸೀಸೆಯನ್ನು ರೂಪಿಸುವಾಗ ತಗುಲಿದ ಅತಿಯಾದ ಉಷ್ಣ, ದೀರ್ಘಕಾಲದ ಶೇಖರಣೆ ಮುಂತಾದವು ಇದರ ಕಾರಣಗಳು. ಆ ಪೊರೆಗಳಿಂದಲೇ ಹಾನಿಯಾಯಿತೆಂಬ ವರದಿ ಆಗ ಬಂದಿರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ರಕ್ತನಾಳವನ್ನು ಕಟ್ಟಬಲ್ಲ ವಸ್ತುವನ್ನು ಹಗುರವಾಗಿ ಕಾಣಲಾಗದು.

ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಚುಚ್ಚುಮದ್ದಿನ ಪಿ.ಎಚ್. ಸುಮಾರು 12, ಕ್ಯಾನ್ಸರಿಗೆ ಕೊಡುವ ಫ್ಲೋರೊಯುರಾಸಿಲ್‌ನದು ಸುಮಾರು 9. ಪರೇಲಿನ ಆಸ್ಪತ್ರೆಗಳಿಗೆ ಊರಿನಿಂದ ಚಿಕಿತ್ಸೆಗೆ ಬರುವ ಬಂಧುಗಳನ್ನು ಮನೆಯಲ್ಲಿರಿಸಿಕೊಂಡ ಮುಂಬಯಿ ಕನ್ನಡಿಗರಿಗೆ ಇಂಥ ಔಷಧಗಳ ಹೆಸರು ಅಪರಿಚಿತವಲ್ಲ. ಇವುಗಳಿಗೆ ಹೆದರಬೇಕಾಗಿಲ್ಲ, ಪರೀಕ್ಷಿತ ಸೀಸೆಯಲ್ಲಿ, ಹೇಳಿದ ಉಷ್ಣದಲ್ಲಿ, ಹೇಳಿದ ಅವಧಿಯೊಳಗೆ ಅವು ಜೀವರಕ್ಷಕಗಳೇ. ಲೇಬಲ್ಲಿನ ಮೇಲಿನ ಕೊನೆಯ ದಿನಾಂಕವು ಔಷಧದ ಆಯುಷ್ಯವನ್ನಷ್ಟೇ ಅಲ್ಲ, ಅದರ ಮತ್ತು ಸೀಸೆಯ ಸಹವಾಸದ ಆಯುಷ್ಯವನ್ನೂ ಸೂಚಿಸುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟ ಪೊಟ್ಟಣಕ್ಕೆ ಆ ದಿನಾಂಕದ ಅಭಯವಿಲ್ಲ. ಎಲ್ಲವನ್ನೂ ಫ್ರಿಜ್ಜಿನಲ್ಲಿಡುವುದೂ ಪರಿಹಾರವಲ್ಲ. ಫ್ಲೋರೊಯುರಾಸಿಲ್ ತಂಪಿನಲ್ಲಿ ಹರಳುಗಟ್ಟುತ್ತದೆ. ಲೇಬಲ್ಲಿನ ಸೂಚನೆಯೇ ಪ್ರಮಾಣ.

ಇಲ್ಲಿ ಸಂಘಸಂಸ್ಥೆಗಳು ಒಂದು ನಿರ್ಧಾರ ಕೈಗೊಳ್ಳಬೇಕಾಗಿದೆ. ರೋಗಿ ಗುಣಮುಖನಾದ ಮೇಲೆ, ಇಲ್ಲವೇ ತೀರಿಕೊಂಡ ಮೇಲೆ, ಮನೆಯಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸಿ ಬಡವರಿಗೆ ಹಂಚುವ ಪದ್ಧತಿ ಕೆಲವೆಡೆ ಇದೆ. ಅದರ ಹಿಂದಿನ ಸದ್ಭಾವನೆ ಪ್ರಶ್ನಾತೀತ. ಆದರೆ ದ್ರವರೂಪದ ಚುಚ್ಚುಮದ್ದುಗಳಿಗೆ ಆ ಪೆಟ್ಟಿಗೆಯಲ್ಲಿ ಸ್ಥಾನವಿರಕೂಡದು. ಆ ಸೀಸೆ ಯಾವ ಕಪಾಟಿನಲ್ಲಿ, ಎಷ್ಟು ಸೆಕೆಯಲ್ಲಿ, ಎಷ್ಟು ತಿಂಗಳು ಇತ್ತೆಂಬುದನ್ನು ಯಾವ ಲೇಬಲ್ಲೂ ಹೇಳದು. ಬೆಳಕಿಗೆ ಹಿಡಿದು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನೋಡಬೇಕಾದುದು ಸರಿಯೇ; ಕಣ, ಪೊರೆ, ಮಬ್ಬು ಕಂಡರೆ ಉಪಯೋಗಿಸದೆ ಔಷಧದಂಗಡಿಗೂ ವೈದ್ಯರಿಗೂ ತಿಳಿಸಬೇಕು. ಆದರೆ ಗಾಜಿನ ಆ ಪೊರೆಗಳು ಬಣ್ಣವಿಲ್ಲದವು, ಅತಿ ತೆಳುವಾದವು. ಕಾಣದ ಮಾತ್ರಕ್ಕೆ ಇಲ್ಲವೆಂದಾಗದು.

ಇದರಿಂದ ಬೆಲೆಬಾಳುವ ಔಷಧ ವ್ಯರ್ಥವಾಗುವುದೆಂಬ ಆಕ್ಷೇಪಣೆ ಬರಬಹುದು. ಅದಕ್ಕೆ ಸಮಾಧಾನ ಸುಲಭ. ಅಗತ್ಯವಿರುವಷ್ಟೇ ಕೊಂಡರೆ ಉಳಿಯುವುದಿಲ್ಲ. ಸಂಘವು ಸಂಗ್ರಹಿಸಿದ ಹಣದಿಂದ ಬಡರೋಗಿಗೆ ಹೊಸ ಔಷಧವನ್ನು ರಸೀದಿಸಹಿತ ಕೊಡಿಸಿದರೆ ದಾನದ ಉದ್ದೇಶವೂ ನೆರವೇರುತ್ತದೆ. ಪಡೆಯುವವನು ಬಡವನೆಂಬ ಕಾರಣಕ್ಕೆ ಅವನ ರಕ್ತಕ್ಕೆ ಸೇರುವ ಮದ್ದಿನ ಪರೀಕ್ಷೆ ಸಡಿಲವಾಗಬಾರದು. ಕೊಡುವವರು ತಮ್ಮ ಮನೆಯ ರೋಗಿಗೆ ಎಂಥ ಸೀಸೆಯನ್ನು ಒಪ್ಪುವರೋ ಅಂಥದೇ ಅವನಿಗೂ ಸಲ್ಲಬೇಕು.