ಬರಿಗಾಲಿನ ಚೆಂಡಾಟ

ಕೊಡಿಗೇನಹಳ್ಳಿಯ ಕಡೆಯ ನಮಗೆ ಮಳೆಯನ್ನು ನೆಚ್ಚಿ ಬದುಕುವುದು ಗೊತ್ತೇ ಹೊರತು ಹಣವನ್ನು ಚೆಲ್ಲಿ ಬದುಕುವುದು ಗೊತ್ತಿಲ್ಲ. ಆದುದರಿಂದ ನನ್ನ ಮೊಮ್ಮಗನು ಕಾಲೇಜಿನ ಕಾಲ್ಚೆಂಡಿನ ತಂಡಕ್ಕೆ ಆಯ್ಕೆಯಾಗಿ ಬಂದು, “ತಾತ, ಈ ವರ್ಷದ ಪಂದ್ಯಗಳಿಗೆ ಬೂಟ್ಸು ಬೇಕು, ಎರಡು ಸಾವಿರವಾಗುತ್ತದೆ” ಎಂದಾಗ, ನಾನು ಸಂತೋಷಪಡುವುದಕ್ಕೆ ಮುಂಚೆ ಲೆಕ್ಕ ಹಾಕಿದೆನೆಂಬುದನ್ನು ವಾಚಕರಲ್ಲಿ ಮರೆಮಾಚಲಾರೆ.

“ನಾವು ಜಯಮಂಗಲಿಯ ಮರಳಿನಲ್ಲಿ ಬಟ್ಟೆಯ ಚೆಂಡು ಒದೆಯುತ್ತಿದ್ದಾಗ ನಮಗೆ ಯಾರು ಬೂಟ್ಸು ಕೊಡಿಸಿದ್ದರು? ಬಂಗಾಳದ ಹುಡುಗರು ಬರಿಗಾಲಿನಲ್ಲಿಯೇ ದೊರೆಗಳ ದಂಡನ್ನು ಸೋಲಿಸಲಿಲ್ಲವೆ?” ಎಂದು ಗದರಿಸಿದೆ. ಹುಡುಗನು ಎದುರಾಡಲಿಲ್ಲ. ಒಳಗಿನಿಂದ ನನ್ನಾಕೆ, “ಆ ಕಥೆಯನ್ನು ಪೂರ್ತಿ ತಿಳಿದು ಹೇಳುತ್ತಿದ್ದೀರೋ, ಅರ್ಧ ಕೇಳಿ ಹೇಳುತ್ತಿದ್ದೀರೋ?” ಎಂದಳು. ಅರ್ಧವೇ ಕೇಳಿದ್ದೆ. ಉಳಿದರ್ಧವನ್ನು ಹುಡುಕಿ ಓದಬೇಕಾಯಿತು.

ಕಲ್ಕತ್ತೆಯ ಮೋಹನ್ ಬಾಗಾನ್ ತಂಡದವರು 1911ರಲ್ಲಿ ಐ.ಎಫ್.ಎ. ಶೀಲ್ಡಿನ ಪಂದ್ಯಾವಳಿಗೆ ಇಳಿದಾಗ ಮೊದಲು ಸೇಂಟ್ ಝೇವಿಯರ್ಸ್ ಕಾಲೇಜಿನ ತಂಡವನ್ನು ಮೂರು ಗೋಲುಗಳಿಂದ ಸೋಲಿಸಿದರು. ಆಮೇಲೆ ಎದುರಾದವರಲ್ಲಿ ಸೈನ್ಯದವರೇ ಹೆಚ್ಚು. ಮಿಡ್ಲ್‌ಸೆಕ್ಸ್ ದಂಡಿನವರೊಡನೆ ಒಂದು ಸಾರಿ ಸಮನಾಗಿ, ಎರಡನೆಯ ಸಾರಿ ಗೆದ್ದು, ಜುಲೈ 29ರಂದು ಈಸ್ಟ್ ಯಾರ್ಕ್‌ಶೈರ್ ದಂಡಿನ ಎದುರು ನಿಂತರು. ಮೊದಲ ಗೋಲು ದಂಡಿನವರದು. ನಾಯಕನಾದ ಶಿವದಾಸ ಭಾದುರಿಯು ಅದನ್ನು ಸರಿಗಟ್ಟಿದನು. ಆಟ ಮುಗಿಯುವ ಹೊತ್ತಿಗೆ ಅಭಿಲಾಷ ಘೋಷನು ಗೆಲುವಿನ ಗೋಲನ್ನು ಹೊಡೆದನು. ಆ ದಿನದ ಸಂಭ್ರಮ ಹೇಗಿದ್ದಿರಬಹುದೆಂದು ಊಹಿಸಿಕೊಂಡರೆ ನನ್ನಂಥ ಮುದುಕನಿಗೂ ಮೈ ನವಿರೇಳುತ್ತದೆ. ಆದರೆ ನಾನು ಅರಿಯದಿದ್ದ ಸಂಗತಿಯೊಂದಿದ್ದಿತು. ಹನ್ನೊಂದು ಮಂದಿಯಲ್ಲಿ ಬರಿಗಾಲಿನವರು ಹತ್ತೇ ಮಂದಿ. ಸುಧೀರ್ ಚಟರ್ಜಿ ಎಂಬ ಕಾಲೇಜಿನ ಅಧ್ಯಾಪಕರು ಬೂಟ್ಸು ಹಾಕಿ ಆಡಿದ್ದರು. ಇದನ್ನು ಓದಿ ಹೇಳಿದಾಗ ನನ್ನಾಕೆ, “ಸಂಬಳ ಬರುವವರು ಹಾಕಿಕೊಂಡರು” ಎಂದು ನಕ್ಕಳು. ಅವಳ ಊಹೆ ಪೂರ್ತಿ ಸರಿಯೆನ್ನಲಾರೆ. ಬೆರಳುಗಳಿಗೆ ಚೆಂಡಿನ ಸ್ಪರ್ಶ ಸಿಕ್ಕಿದರೆ ಅದನ್ನು ತಿರುಗಿಸುವ ಜಾಣ್ಮೆಯೇ ಬೇರೆ. ಬರಿಗಾಲಿನಲ್ಲಿ ಬಡತನವೊಂದೇ ಇರಲಿಲ್ಲ, ವಿದ್ಯೆಯೂ ಇದ್ದಿತು.

ಬಂಗಾಳದ ಮಾತೇಕೆ, ನಮ್ಮ ಬೆಂಗಳೂರಿನವರದೇ ಹೇಳಬಹುದು. ಮುಂಬಯಿಯ ರೋವರ್ಸ್ ಕಪ್ಪು 1891ರಿಂದ ಸೈನ್ಯದ ತಂಡಗಳ ಕೈಯಲ್ಲಿಯೇ ಇದ್ದಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು, ಆ ಕಾಲದಲ್ಲಿ ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗಿನವರನ್ನು ಒಂದು ಗೋಲಿನಿಂದ ಸೋಲಿಸಿ ಅದನ್ನು ತಂದರು. ಮರುವರ್ಷ ದಂಡಿನ ತಂಡವೊಂದನ್ನೇ ಸೋಲಿಸಿ ಮತ್ತೆ ತಂದರು. 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಫ್ರಾನ್ಸಿನ ಎದುರು ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಆ ದಿನ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಬಿದ್ದು, 2–1ರಿಂದ ಸೋತರೆಂಬುದು ಬೇರೆ ಮಾತು.

ಇಷ್ಟನ್ನು ಓದಿ ನನ್ನ ವಾದ ಗೆದ್ದಿತೆಂದು ಬೀಗುತ್ತಿದ್ದೆ. ಅಷ್ಟರಲ್ಲಿ 1952ರ ಹೆಲ್ಸಿಂಕಿಯ ಸಂಗತಿ ಕಣ್ಣಿಗೆ ಬಿದ್ದಿತು. ಆ ಚಳಿಯ ನಾಡಿನಲ್ಲಿ ಯುಗೊಸ್ಲಾವಿಯದವರು ನಮ್ಮವರಿಗೆ ಹತ್ತು ಗೋಲು ಹೊಡೆದರು. ನಮ್ಮವರದು ಒಂದೇ ಒಂದು, ಅದೂ ಬೆಂಗಳೂರಿನ ಅಹಮದ್ ಖಾನರದು. ಸೋಲಿಗೆ ಕಾರಣ ಕಾಲೊಂದೇ ಅಲ್ಲದಿರಬಹುದು. ಆದರೂ ಆ ಬಳಿಕ ಆಟಗಾರರು ಬೂಟ್ಸು ಹಾಕಲೇಬೇಕೆಂದು ನಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯೇ ಕಟ್ಟುಮಾಡಿತು.

ಇದನ್ನು ನನ್ನಾಕೆಗೆ ಹೇಳಬೇಕೋ ಬೇಡವೋ ಎಂದು ಹಿಂಜರಿಯುತ್ತಿದ್ದಾಗ ಅವಳೇ ಬೇರೊಂದು ಮಾತು ತೆಗೆದಳು. “ನಿಮ್ಮ ಜೊತೆಗಾರನನ್ನು ಮರೆತಿರಾ?” ಎಂದಳು.

ಮರೆತಿದ್ದೆನೋ, ಮರೆಯಬಯಸಿದ್ದೆನೋ ತಿಳಿಯದು. ನಮ್ಮ ಬೀದಿಯ ಹುಡುಗ, ನನಗಿಂತ ಒಂದು ವರ್ಷ ದೊಡ್ಡವನು. ಮರಳಿನಲ್ಲಿ ಹೂತಿದ್ದ ತುಕ್ಕುಗಬ್ಬಿಣದ ಚೂರು ಅವನ ಅಂಗಾಲನ್ನು ಸೀಳಿತು. ಮನೆಯಲ್ಲಿ ಬೈದಾರೆಂದು ನಾವಿಬ್ಬರೂ ಸೇರಿ ಗಾಯಕ್ಕೆ ಮಣ್ಣು ಮೆತ್ತಿ, ಯಾರಿಗೂ ಹೇಳದೆ ಇದ್ದುಬಿಟ್ಟೆವು. ಕೆಲವು ದಿನಗಳಾದ ಮೇಲೆ ಅವನ ದವಡೆ ಕಚ್ಚಿಕೊಂಡಿತು. ಧನುರ್ವಾಯುವಿನ ಹೆಸರನ್ನು ನಾನು ಮೊದಲು ಕೇಳಿದ್ದು ಅವನ ತಾಯಿಯ ಅಳುವಿನ ನಡುವೆ. ಬರಿಗಾಲಿನ ಹಿರಿಮೆಯನ್ನು ಮೊಮ್ಮಗನಿಗೆ ಸಾರುವಾಗ ಆ ಹುಡುಗನನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರನೆಯ ದಿನ ಹಿಂದೂಪುರದ ಪೇಟೆಗೆ ಹೋದೆವು. ಬೂಟ್ಸಿಗೆ ಮುಂಚೆ ಹುಡುಗನಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕೆಂದು ಹಟ ಹಿಡಿದವಳು ನನ್ನಾಕೆ. ಬೂಟ್ಸು ಹಾಕಿದ ಮಾತ್ರಕ್ಕೆ ಗಾಯ ತಪ್ಪೀತೆಂಬ ಭ್ರಮೆ ಅವಳಿಗಿಲ್ಲ. ಅಂಗಡಿಯವನು ಎರಡು ಸಾವಿರಕ್ಕೆ ಒಂದು ಕಾಸನ್ನೂ ಇಳಿಸಲಿಲ್ಲ.

ಮೊದಲನೆಯ ಪಂದ್ಯದಲ್ಲಿ ಇವರ ತಂಡ ಎರಡು ಗೋಲುಗಳಿಂದ ಸೋತಿತು. ಹೊಸ ಬೂಟ್ಸು ಹಿಮ್ಮಡಿಯನ್ನು ಕಚ್ಚಿದೆ; ಅಜ್ಜಿ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಳೆ. ಎರಡನೆಯ ಪಂದ್ಯ ಬರುವ ಶನಿವಾರ.