ಗಟ್ಟಿ ಹಲ್ಲಿಗೆ ಕ್ಯಾಪ್ ಏಕೆ?

ಬಲಸಮುದ್ರದ ಭಕ್ತರೊಬ್ಬರು ಮಗಳೊಡನೆ ಬಂದಿದ್ದರು. ಪಾವಗಡದ ಕಡೆ ಸೋದರಮಾವನ ಮನೆಯಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದ ಕನ್ಯೆ. ಮುಂದಿನ ಹಲ್ಲುಗಳಲ್ಲಿ ಕಂದು ಕಲೆ. ಹೆಣ್ಣು ನೋಡಲು ಬಂದವರು ಅದನ್ನೇ ನೆಪಮಾಡಿ ಹೋದರಂತೆ. “ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿಸಿಬಿಡಲೇ, ಅಯ್ಯನವರೇ?” ಎಂದರು.

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವೆಂಬುದು ಸರ್ವವಿದಿತ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಸಲ್ಲದು. ಬಾಲ್ಯದಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕಲೆ ಮೂಡುತ್ತದೆ. ಎಷ್ಟು ಉಜ್ಜಿದರೂ ಹೋಗದು. ಆದರೆ ಅದು ಹೊರಪದರದ ದೋಷ. ಈ ಕನ್ಯೆಯ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು.

ಕ್ಯಾಪಿಗೆ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ತೇಯಬೇಕು. ಮುರಿದ ಹಲ್ಲಿಗೆ ಅದು ಆಸರೆ, ನಿಜ. ಗಟ್ಟಿ ಹಲ್ಲನ್ನು ಹಾಗೆ ಸವೆಸುವುದು ಅವಿವೇಕ. ವೆನಿಯರ್ ಎಂಬುದು ಮುಂಭಾಗಕ್ಕಷ್ಟೇ ಅಂಟಿಸುವ ತೆಳು ಪಿಂಗಾಣಿ ಬಿಲ್ಲೆ. ಅರ್ಧ ಮಿಲಿಮೀಟರಿನಷ್ಟು ತೇಯ್ದರೆ ಸಾಕು. ಅದೂ ಶಾಶ್ವತವಲ್ಲ, ತೇಯ್ದ ಹಲ್ಲು ಮರಳಿ ಬೆಳೆಯದು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಒಗ್ಗದು. ಕಲೆ ತೆಳುವಾಗಿದ್ದರೆ ದಂತವೈದ್ಯರು ಮೇಲ್ಪದರವನ್ನು ನಯಮಾಡಿಯೇ ತಿಳಿಗೊಳಿಸುವುದುಂಟು. ಮೊದಲು ಅದನ್ನೇ ಕೇಳಿರೆಂದೆ.

ಕನ್ಯೆ ಆವರೆಗೆ ಮಾತಾಡಿರಲಿಲ್ಲ. “ನನ್ನದಿರಲಿ, ಮಾವನ ಮೊಮ್ಮಗುವಿಗೆ ಮೂರು ವರ್ಷ. ಈಗಲೂ ಅದೇ ನೀರು. ಕಾಯಿಸಿ ಕೊಡುತ್ತಾರೆ” ಎಂದಳು. ಕಾಯಿಸಿದರೆ ಫ್ಲೋರೈಡ್ ಹೋಗದು. ಶುದ್ಧೀಕರಣ ಘಟಕದ ನೀರನ್ನೇ ತರಿಸಲು ಅಂದೇ ಮಾವನಿಗೆ ಹೇಳಿಕಳುಹಿಸಿದೆವು.